ರಾತ್ರಿ ಕೂರುವ ಗಾಡಿಯೂ ದಾವಣಗೆರೆಯ ಬೋರ್ಡಿಲ್ಲದ ಶೆಡ್ಡೂ

ನನ್ನದು ಫ್ಯಾನ್ ಗುಡ್ಡದ ಕೆಲಸ. ಚಿತ್ರದುರ್ಗದ ಸುತ್ತ ಗುಡ್ಡಗಳ ಮೇಲೆ ಗಾಳಿ ಫ್ಯಾನ್ ನಿಂತಿವೆಯಲ್ಲ, ಅಲ್ಲಿಗೆ ಹೋಗುವ ಮಣ್ಣು ದಾರಿ ರಿಪೇರಿ ಮಾಡಿಸುವ ಸಣ್ಣ ಗುತ್ತಿಗೆದಾರ ನಾನು. ಮೂರು ವರ್ಷದ ಹಿಂದೆ ಆಸೆಗೆ ಬಿದ್ದು ಏರ್ ಸಸ್ಪೆನ್ಷನ್, ಅಂದರೆ ಚಕ್ರಗಳ ಹತ್ತಿರ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಬಲೂನು ಇರುವ ಒಂದು ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಗಾಡಿ ತಗೊಂಡೆ. ಕಂಪನಿ ಹೆಸರು ಬೇಡ ಬಿಡಿ. ಬಟನ್ ಒತ್ತಿದರೆ ಮೇಲೇಳುತ್ತದೆ, ಕಲ್ಲು ದಾಟಿದ ಮೇಲೆ ಒತ್ತಿದರೆ ಇಳಿಯುತ್ತದೆ. ಜೆಸಿಬಿ ಹುಡುಗರು ಸುಮ್ನೆ ನೋಡೋಕೆ ಅಂತಲೇ ಒತ್ತಿಸುತ್ತಿದ್ದರು.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಬೆಳಗಾದರೆ ಗಾಡಿ ಕೆರೆಯಲ್ಲಿ ಕೂತ ಎಮ್ಮೆ ಹಾಗೆ ನೆಲಕ್ಕೆ ಹತ್ತಿ ಕೂತಿರುತ್ತಿತ್ತು. ನಾಲ್ಕೂ ಮೂಲೆ. ಸ್ಟಾರ್ಟ್ ಮಾಡಿದರೆ ಬಲೂನಿಗೆ ಗಾಳಿ ತುಂಬುವ ಕಂಪ್ರೆಸರ್ ಗುರ್ ಅಂದು ಐದು ನಿಮಿಷಕ್ಕೆ ಎಬ್ಬಿಸುತ್ತಿತ್ತು. ಆಮೇಲೆ ಹತ್ತು ನಿಮಿಷ ಹಿಡಿಯಿತು. ಆಮೇಲೆ ಹಳದಿ ದೀಪ. ಗುಡ್ಡದ ಮೇಲೆ ಗಾಳಿಗೆ ಬರ ಇಲ್ಲ, ನನ್ನ ಗಾಡಿಯೊಳಗೆ ಮಾತ್ರ ನಿಲ್ಲಲ್ಲ!

ಊರಲ್ಲಿ ಒಬ್ಬರು ಕಂಪ್ರೆಸರ್ ಹೋಗಿದೆ ಅಂದರು. 38 ಸಾವಿರ ಕೊಟ್ಟು ಹಳೆಯದೊಂದು ಹಾಕಿಸಿದೆ. ಎರಡು ವಾರ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಬೆಂಗಳೂರಲ್ಲಿ ಒಂದು ದೊಡ್ಡ ಕಡೆ ಲ್ಯಾಪ್‌ಟಾಪ್ ಸಿಕ್ಕಿಸಿ ಇಪ್ಪತ್ತು ನಿಮಿಷದಲ್ಲಿ ಪಟ್ಟಿ ಕೊಟ್ಟರು. ಕಂಪ್ರೆಸರ್, ನಾಲ್ಕು ಬಲೂನು, ಗಾಳಿಯನ್ನು ಆಯಾ ಬಲೂನಿಗೆ ಹಂಚುವ ವಾಲ್ವ್ ಬ್ಲಾಕು, ಎಲ್ಲಾ ಹೊಸದು. 4 ಲಕ್ಷ 10 ಸಾವಿರ. ಗಾಡಿ ಮಾರಿದರೂ ಅಷ್ಟು ಬರುತ್ತೋ ಇಲ್ಲವೋ.

ದಾವಣಗೆರೆಯ ಶೆಡ್ಡನ್ನು ತೋರಿಸಿದ್ದು ನಮ್ಮ ಭಾವ. ಪಿ.ಬಿ. ರಸ್ತೆಯಲ್ಲಿ ಹರಿಹರದ ಕಡೆ ಹೋಗುವಾಗ ಬರುವ ತಗಡಿನ ಶೆಡ್. ಬೋರ್ಡಿಲ್ಲ. ಅಲ್ಲಿನ ಮೇಸ್ತ್ರಿ ಕೈ ಪಳಗಿದ್ದು ಸ್ಲೀಪರ್ ಬಸ್ಸುಗಳ ಕೆಳಗೆ. ಬಸ್ಸಿನಲ್ಲೂ ಇದೇ ರಬ್ಬರ್ ಬಲೂನ್ ಅಲ್ವಾ, ಗಾತ್ರ ದೊಡ್ಡದು ಅಷ್ಟೇ.

ಅವರು ಬಾನೆಟ್ ಎತ್ತಲಿಲ್ಲ, ಲ್ಯಾಪ್‌ಟಾಪ್ ತೆಗೆಯಲಿಲ್ಲ. “ಯಾವ ಮೂಲೆ ಮೊದಲು ಕೂರುತ್ತೆ ಗೌಡ್ರೇ?” ಅಂತ ಕೇಳಿದರು. ನಾಲ್ಕೂ ಒಟ್ಟಿಗೆ ಅಂದೆ. ನಕ್ಕರು. “ನಾಲ್ಕು ಬಲೂನು ಮಾತಾಡ್ಕೊಂಡು ಒಂದೇ ದಿನ ತೂತಾಗ್ತಾವೇನ್ರಿ?”

ಆಗಲೇ ನನಗೆ ಗೊತ್ತಾಗಿದ್ದು. ಇಂಥ ಗಾಡಿ ನಿಲ್ಲಿಸಿ ಬೀಗ ಹಾಕಿದ ಮೇಲೂ ಅದರ ಕಂಪ್ಯೂಟರ್ ಪೂರ್ತಿ ಮಲಗಲ್ಲ. ನಡುನಡುವೆ ಎದ್ದು ನಾಲ್ಕೂ ಚಕ್ರದ ಹತ್ತಿರದ ಹೈಟ್ ಸೆನ್ಸರ್ ನೋಡುತ್ತದೆ. ಒಂದು ಮೂಲೆ ಇಳಿದಿದ್ದರೆ ಮಟ್ಟ ಮಾಡಲು ಉಳಿದ ಮೂರರ ಗಾಳಿಯನ್ನೂ ಬಿಡುತ್ತದೆ. ರಾತ್ರಿಯೆಲ್ಲ ಹೀಗೇ ನಡೆದರೆ ಬೆಳಿಗ್ಗೆ ನಾಲ್ಕೂ ನೆಲದಲ್ಲಿ. ಕಳ್ಳ ಒಬ್ಬನೇ, ಸಿಕ್ಕಿಬೀಳುವವರು ನಾಲ್ವರು.

ಮೇಸ್ತ್ರಿ ಮಾಡಿದ್ದು ಇಷ್ಟೇ. ಗಾಡಿಯನ್ನು ಪೂರ್ತಿ ಮೇಲೆತ್ತಿಸಿ, ಎಂಜಿನ್ ಆಫ್ ಮಾಡಿಸಿ, ಸಸ್ಪೆನ್ಷನ್ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡರು. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನ ತನಕ ಟೇಪ್ ಹಿಡಿದು ಆಯಾ ಮೂಲೆಯ ಗಾಜಿನ ಮೇಲೆ ಸೀಮೆಸುಣ್ಣದಲ್ಲಿ ಅಳತೆ ಬರೆದರು. “ನಾಳೆ ಬರ್ರಿ.” ಮಾರನೇ ದಿನ ಹೋದರೆ ಮೂರು ಮೂಲೆ ಹೆಚ್ಚೂಕಮ್ಮಿ ಇದ್ದಲ್ಲೇ ಇದ್ದವು. ಹಿಂದಿನ ಬಲಗಡೆ ಮಾತ್ರ 70 ಮಿಲಿಮೀಟರ್ ಕೆಳಗೆ. ಫ್ಯೂಸ್ ಇಲ್ಲದ್ದರಿಂದ ಉಳಿದ ಮೂರಕ್ಕೆ ಇಳಿಯಿರಿ ಅನ್ನುವವರೇ ಇರಲಿಲ್ಲ.

ಆಮೇಲೆ ಸೋಪಿನ ನೀರು. ಮತ್ತೆ ಮೇಲೆತ್ತಿಸಿ, ಛಾಸಿಗೆ ನಾಲ್ಕು ಸ್ಟ್ಯಾಂಡ್ ಕೊಟ್ಟೇ ಕೆಳಗೆ ಹೋದರು. ಸಹಾಯದ ಹುಡುಗ ಅವಸರಕ್ಕೆ ಸ್ಟ್ಯಾಂಡ್ ಕೊಡುವ ಮೊದಲೇ ನುಗ್ಗಲು ಹೋಗಿ ಸರಿಯಾಗಿ ಬೈಸಿಕೊಂಡ. ಗಾಳಿ ಮೇಲೆ ನಿಂತ ಗಾಡಿ ಯಾವಾಗ ಕೂರುತ್ತೋ ಹೇಳೋಕಾಗಲ್ಲ. ನನ್ನನ್ನೂ ಕರೆದು ಟಾರ್ಚ್ ಬಿಟ್ಟು ತೋರಿಸಿದರು. ಬಲೂನಿನ ಕೆಳಗೆ ರಬ್ಬರ್ ಒಳಮುಖ ಮಡಿಚುವ ಜಾಗ ಇದೆ. ಗಾಡಿ ತಗ್ಗಿದ್ದಾಗ ಆ ಜಾಗ ಮಡಿಕೆಯಲ್ಲಿ ಮುಚ್ಚಿರುತ್ತದೆ, ಎತ್ತಿದಾಗಷ್ಟೇ ಬಿಚ್ಚಿಕೊಳ್ಳುತ್ತದೆ. ಅಲ್ಲಿ ನಮ್ಮ ಗುಡ್ಡದ ಕೆಂಪು ಮಣ್ಣು ಪಟ್ಟಿ ಕಟ್ಟಿತ್ತು. ಒರೆಸಿ ನೀರು ಬಿಟ್ಟ ಮೇಲೆ, ಹಾಲು ಉಕ್ಕುವ ಮುಂಚೆ ಪಾತ್ರೆಯ ಅಂಚಲ್ಲಿ ಏಳುತ್ತವಲ್ಲ, ಅಂಥ ಸಣ್ಣ ಗುಳ್ಳೆಗಳ ಒಂದು ಗೆರೆ. ಮಣ್ಣು ಮಡಿಕೆಯಲ್ಲಿ ಕೂತು ಎಮರಿ ಕಾಗದದ ಹಾಗೆ ರಬ್ಬರ್ ಉಜ್ಜಿದೆ. ಎಡಗಡೆಯದನ್ನೂ ಹೆಬ್ಬೆರಳಲ್ಲಿ ಒತ್ತಿ ತೋರಿಸಿದರು. ಸೋರುತ್ತಿರಲಿಲ್ಲ, ಆದರೆ ಕೂದಲೆಳೆಯಂಥ ಬಿರುಕು ಎದ್ದಿದ್ದವು. ಹಿಂದಿನ ಎರಡೂ ಬದಲಿಸಲು ಒಪ್ಪಿದೆ.

ಕಂಪ್ರೆಸರಿಗೆ ಏನಾಗಿತ್ತು? ಸೋರುವ ಕೊಡಕ್ಕೆ ನೀರು ಹೊತ್ತು ಹೊತ್ತು ಸುಸ್ತಾಗಿತ್ತು. ಬಿಡುವಿಲ್ಲದೆ ಓಡಿ, ಕಾದು, ಪಿಸ್ಟನ್ ರಿಂಗ್ ಸವೆದಿತ್ತು. ಗಾಳಿಯ ತೇವ ಹೀರುವ ಡ್ರೈಯರ್ ಬಿಚ್ಚಿದರೆ ಒಳಗಿನ ಸಿಲಿಕಾ ಕಾಳು ಒದ್ದೆಯಾಗಿ ರವೆ ಹಾಗೆ ಪುಡಿಯಾಗಿತ್ತು. ಆ ಪುಡಿ ವಾಲ್ವಿಗೆ ಹೋದರೆ ಅದೂ ಕಟ್ಟಿಕೊಳ್ಳುತ್ತದೆ. ರಿಂಗು, ಕಾಳು ಹೊಸದು ಹಾಕಿ, ಕಂಪ್ರೆಸರಿಗೆ ಕರೆಂಟ್ ಕೊಟ್ಟು ತೆಗೆಯುವ ರಿಲೇಯನ್ನೂ ಬದಲಿಸಿದರು. ರಿಲೇ ಒಳಗಿನ ಪಾಯಿಂಟ್ ಅಂಟಿಕೊಂಡರೆ ಕಂಪ್ರೆಸರ್ ಆಫೇ ಆಗದೆ ಸುಟ್ಟು ಹೋಗುತ್ತದಂತೆ.

ಇದೆಲ್ಲ ಕಿತ್ತು ಮಾಮೂಲಿ ಕಾಯಿಲ್ ಸ್ಪ್ರಿಂಗ್ ಹಾಕಿಬಿಡಿ ಅಂತ ಒಂದು ಸಲ ಬೇಜಾರಲ್ಲಿ ಹೇಳಿದೆ. “ಹಾಕಬಹುದು. ಮುಂದೆ ಖರ್ಚೂ ಕಮ್ಮಿ. ಏರಿಸೋದು ಇಳಿಸೋದು ಹೋಗುತ್ತೆ. ಅದಕ್ಕೇ ತಾನೇ ಇದನ್ನ ತಗೊಂಡಿದ್ದು ನೀವು?” ಅಂದರು. ಸುಮ್ಮನಾದೆ.

ಬಿಲ್ಲು: ಎರಡು ಬಲೂನು 56,000, ಕಂಪ್ರೆಸರ್ ಕಿಟ್ ಮತ್ತು ರಿಲೇ 9,400, ಕೂಲಿ 8,000, ಎತ್ತರ ಸೆಟ್ ಮಾಡಲು ಹೊರಗಿಂದ ಬಂದ ಲ್ಯಾಪ್‌ಟಾಪ್ ಹುಡುಗನಿಗೆ 2,500. ಒಟ್ಟು 75,900.

ಈಗ ತಕರಾರು. ಮೂರು ದಿನ ಅಂದು ಒಂಬತ್ತು ದಿನ ಮಾಡಿದರು. ಚಿತ್ರದುರ್ಗದಿಂದ ನಾಲ್ಕು ಸಲ ಓಡಾಡಿದೆ. ಹೋದಾಗಲೆಲ್ಲ ಬೆಣ್ಣೆ ದೋಸೆ ತಿಂದೆ, ಆ ಲೆಕ್ಕ ಮೇಲೆ ಸೇರಿಸಿಲ್ಲ. ಬಿಲ್ಲು ಚೀಟಿಯಲ್ಲಿ ಬರೆದದ್ದು, ಬಲೂನಿಗೆ ಗ್ಯಾರಂಟಿ ಬಾಯಿಮಾತಲ್ಲಿ ಆರು ತಿಂಗಳು. ಲ್ಯಾಪ್‌ಟಾಪ್ ಹುಡುಗ ಮೊದಲ ಸಲ ಸೆಟ್ಟಿಂಗ್ ತಪ್ಪು ಮಾಡಿ ಗಾಡಿ ಎಡಕ್ಕೆ ವಾಲಿತ್ತು. ವಾಪಸ್ ಹೋದೆ, ದುಡ್ಡು ಕೇಳದೆ ಸರಿ ಮಾಡಿಕೊಟ್ಟರು. ಬಲೂನು ಕಂಪನಿಯದಲ್ಲ, ಹಿಂದೆ ಕೂತವರಿಗೆ ಸ್ವಲ್ಪ ಗಟ್ಟಿ ಅನಿಸುತ್ತದೆ. ನಮ್ಮನೆಯವರು ಹೇಳಿದ ಮೇಲೆ ನನಗೂ ಗೊತ್ತಾಯಿತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಫೋನ್ ಎತ್ತದ್ದಕ್ಕೆ. ಹೋಗುವವರು ಬೆಳಿಗ್ಗೆ ಬೇಗ ಖುದ್ದಾಗಿ ಹೋಗಿ, ಹನ್ನೊಂದರ ಮೇಲೆ ಬಸ್ಸುಗಳು ಸಾಲು ನಿಲ್ಲುತ್ತವೆ. ಗಾಡಿಯನ್ನು ಒಂದು ರಾತ್ರಿ ಅಲ್ಲೇ ಬಿಡಲು ತಯಾರಾಗಿ ಹೋಗಿ. ಗಾಜಿನ ಮೇಲಿನ ಸೀಮೆಸುಣ್ಣ ಅಳಿಸಬೇಡಿ, ಬೈತಾರೆ.