ಜಿಲ್ಲಾ ಮಾಸ್ಟರ್ಸ್ ಅಥ್ಲೆಟಿಕ್ ಕೂಟ: ಗುಂಡು ಎಸೆತಕ್ಕೆ ಪೂರ್ಣ ಅಂಕ, ಓಟಕ್ಕೆ ಅರ್ಧ

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲಾ ಕೇಂದ್ರದಲ್ಲಿ ಎರಡು ದಿನ ನಡೆದ ಮಾಸ್ಟರ್ಸ್ ಅಥ್ಲೆಟಿಕ್ ಕೂಟದಲ್ಲಿ ನಾನು ಗುಂಡು ಎಸೆತಕ್ಕೂ 100 ಮೀಟರ್ ಓಟಕ್ಕೂ ಹೆಸರು ಕೊಟ್ಟಿದ್ದೆ. ಒಂದೊಂದು ಸ್ಪರ್ಧೆಗೆ 300 ರೂಪಾಯಿ ಶುಲ್ಕ. ಅದರಲ್ಲಿ ಎದೆಗೆ ಹಚ್ಚುವ ನಂಬರ್, ಮಧ್ಯಾಹ್ನದ ಊಟ ಮತ್ತು ಪ್ರಮಾಣಪತ್ರ ಸೇರಿದ್ದವು. ದುಡ್ಡು ಕೊಟ್ಟು ಪಡೆದ ಸೇವೆ ಹೇಗಿತ್ತೆಂಬುದನ್ನು, ಅರವತ್ತರ ಆಸುಪಾಸಿನಲ್ಲಿ ಮತ್ತೆ ಮೈದಾನಕ್ಕೆ ಇಳಿಯಬೇಕೆಂದಿರುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 35 ವರ್ಷದಿಂದ ಮೇಲಕ್ಕೆ ಐದೈದು ವರ್ಷಗಳ ವಿಭಾಗಗಳಿರುತ್ತವೆ. ಆದ್ದರಿಂದ ನೋಂದಣಿ ಮೇಜಿನ ಮುಖ್ಯ ಕೆಲಸವೆಂದರೆ ಜನ್ಮದಿನಾಂಕದ ದಾಖಲೆ ನೋಡುವುದು, ಮತ್ತು ಅದನ್ನು ಅಲ್ಲಿದ್ದ ಯುವಕರು ತಾಳ್ಮೆಯಿಂದ ಮಾಡಿದರು. ನನ್ನ ಮುಂದೆ ಸಾಲಿನಲ್ಲಿದ್ದ ಮೂವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಜೂನ್ 1 ಎಂದೇ ಇತ್ತು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ಆ ದಿನಾಂಕವೇ ನಮ್ಮ ತಲೆಮಾರಿನ ಎಷ್ಟೋ ಜನರ ಪಾಲಿಗೆ ಖಾಯಂ ಆಗಿಬಿಟ್ಟಿದೆ. ಹೀಗಾಗಿ ನಿಜವಾದ ವಯಸ್ಸಿಗಿಂತ ಕೆಳಗಿನ ವಿಭಾಗದಲ್ಲಿ, ತಮಗಿಂತ ಚಿಕ್ಕವರೊಡನೆ ಸ್ಪರ್ಧಿಸಬೇಕಾದವರೂ ಇದ್ದಾರೆ. ಅದು ಕೂಟದವರ ತಪ್ಪಲ್ಲ, ಆದರೆ ಹೋಗುವವರಿಗೆ ಗೊತ್ತಿರಲಿ.

ಗುಂಡು ಎಸೆತದ ಅಂಕಣವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಗಂಡಸರಿಗೆ 50ರಿಂದ 59ರವರೆಗೆ 6 ಕಿಲೋ ಗುಂಡು, 60 ತುಂಬಿದ ಮೇಲೆ 5 ಕಿಲೋ, 70 ದಾಟಿದರೆ 4 ಕಿಲೋ. ನನಗೆ ಅಕ್ಟೋಬರ್‌ನಲ್ಲಷ್ಟೇ ಅರವತ್ತು ತುಂಬಿದ್ದರಿಂದ ಇದು ಹಗುರ ಗುಂಡಿನ ನನ್ನ ಮೊದಲ ಸ್ಪರ್ಧೆ. ಕೈಗೆ ಬಂದ ಗುಂಡು ಮಾತ್ರ ಹಗುರವೆನಿಸಲಿಲ್ಲ. ಸಂಕೋಚದಿಂದಲೇ ತೀರ್ಪುಗಾರರಿಗೆ ಹೇಳಿದೆ. ಅವರು ಒಂದು ಮಾತೂ ಎದುರಾಡದೆ ತೂಕದ ಯಂತ್ರ ತರಿಸಿ ಗುಂಡನ್ನು ಇಟ್ಟರು. ಅದು 6 ಕಿಲೋದ್ದು, ಬಣ್ಣ ಹೋಗಿ ಗುರುತು ಅಳಿಸಿತ್ತು. ಕೂಡಲೇ ಅದನ್ನು ಬದಿಗಿಟ್ಟು ಬೇರೆಯದನ್ನು ತೂಗಿ, ನಮ್ಮೆಲ್ಲರಿಗೂ ತೋರಿಸಿ, ಸ್ಪರ್ಧೆ ಶುರುಮಾಡಿದರು.

ಮೊದಲ ಎಸೆತ ಚೆನ್ನಾಗಿಯೇ ಹೋಯಿತು. ಆ ಹುರುಪಿನಲ್ಲಿ ನಾನು ವೃತ್ತದ ಮುಂಭಾಗದಿಂದಲೇ ಹೊರಗೆ ಬಂದೆ. ಹಿಂದಿನ ಅರ್ಧದಿಂದ ಹೊರಬರಬೇಕೆಂಬುದು ನಿಯಮ, ಕೆಂಪು ಬಾವುಟ ಎದ್ದಿತು. ಪಕ್ಕದಲ್ಲಿದ್ದ ಸ್ವಯಂಸೇವಕರೊಬ್ಬರು "ಹಿರಿಯರು, ಹೋಗಲಿ ಬಿಡಿ ಸಾರ್" ಎಂದರು. ತೀರ್ಪುಗಾರರು ಬಾವುಟ ಇಳಿಸಲಿಲ್ಲ. ಆ ಕ್ಷಣ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಎಸೆತ ಹೋಯಿತು, ಆದರೆ ನಾನು ಅಲ್ಲಿ ಒಬ್ಬ ಸ್ಪರ್ಧಿಯಾಗಿ ನಿಂತಿದ್ದೆ. ಮೂರನೆಯ ಎಸೆತದಲ್ಲಿ ಬಂದ 8.42 ಮೀಟರ್ ದೂರವನ್ನು ಉಕ್ಕಿನ ಟೇಪಿನಿಂದ ಅಳೆದು, ಗಟ್ಟಿಯಾಗಿ ಓದಿ ಹೇಳಿ, ಹಾಳೆಯಲ್ಲಿ ಬರೆದುಕೊಂಡರು. ನಾನು ಐದನೆಯವನಾದೆ. ಪದಕವಿಲ್ಲದಿದ್ದರೂ ಆ ಅಂಕಿಯ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ.

ಎರಡನೆಯ ದಿನದ ಓಟಗಳು ಇದಕ್ಕೆ ತದ್ವಿರುದ್ಧ. ಎಂಟೂವರೆಗೆ ಎಂದಿದ್ದ 100 ಮೀಟರ್, ವೇದಿಕೆಯ ಕಾರ್ಯಕ್ರಮ ಮುಗಿಯದೆ ಹನ್ನೊಂದರ ಹೊತ್ತಿಗೆ ಶುರುವಾಯಿತು. ಇಪ್ಪತ್ತರ ಹುಡುಗರಿಗೆ ಈ ಕಾಯುವಿಕೆ ಬೇಸರದ ಸಂಗತಿಯಷ್ಟೇ. ನಮ್ಮಂಥವರಿಗೆ ಅದು ಅಪಾಯ. ಅರ್ಧ ಗಂಟೆ ನಿಧಾನವಾಗಿ ಓಡಿ ಬಿಸಿಯಾದ ಮೈ ಕುರ್ಚಿಯಲ್ಲಿ ಕೂತು ತಣ್ಣಗಾದರೆ ತೊಡೆಯ ಹಿಂಭಾಗದ ಸ್ನಾಯು ಬಿಗಿಯುತ್ತದೆ. ನನ್ನ ಪಕ್ಕದ ಲೇನಿನವರು 40 ಮೀಟರ್ ದಾಟುವಷ್ಟರಲ್ಲಿ ತೊಡೆ ಹಿಡಿದುಕೊಂಡು ನಿಂತುಬಿಟ್ಟರು.

ಆ ದೀರ್ಘ ಭಾಷಣಗಳಲ್ಲೊಂದರಲ್ಲಿ ಭಗವಾನಿ ದೇವಿ ಡಾಗರ್ ಅವರ ಹೆಸರು ಬಂತು. 2022ರಲ್ಲಿ ಫಿನ್‌ಲ್ಯಾಂಡಿನ ಟಾಂಪೆರೆಯಲ್ಲಿ ನಡೆದ ವಿಶ್ವ ಮಾಸ್ಟರ್ಸ್ ಕೂಟದಲ್ಲಿ, 94ರ ವಯಸ್ಸಿನಲ್ಲಿ, ಅವರು 100 ಮೀಟರ್ ಓಟದ ಚಿನ್ನ ಗೆದ್ದರು. ಭಾಷಣಕಾರರು ಅವರ ವಯಸ್ಸನ್ನು ನಾಲ್ಕು ಬಾರಿ ಹೇಳಿದರು, ಸಮಯವನ್ನು ಒಮ್ಮೆಯೂ ಹೇಳಲಿಲ್ಲ. ಅದು 24.74 ಸೆಕೆಂಡ್. ಅಜ್ಜಿಯೆಂದು ಯಾರೂ ಗಡಿಯಾರವನ್ನು ಬದಿಗಿಡಲಿಲ್ಲವಾದ್ದರಿಂದಲೇ ಆ ಓಟದ ಸಮಯ ಇವತ್ತಿಗೂ ಬರಹದಲ್ಲಿ ಉಳಿದಿದೆ.

ನಮ್ಮ ಕೂಟದಲ್ಲಿ 75 ದಾಟಿದ ಹೆಂಗಸರ ಓಟಕ್ಕೆ ಮೂವರಿದ್ದರು. ಮೂವರೂ ಮುಗಿಸಿದರು, ಚಪ್ಪಾಳೆ ಬಿತ್ತು, ಮೂವರಿಗೂ ಶಾಲು ಹೊದಿಸಿದರು. ಮೊದಲು ಬಂದ ತಾಯಿ ಇನ್ನೂ ಏದುಸಿರು ಬಿಡುತ್ತಲೇ ಸಮಯಪಾಲಕರ ಬಳಿ ಹೋಗಿ, "ನಂದು ಎಷ್ಟಾಯ್ತಪ್ಪ?" ಎಂದು ಕೇಳಿದರು. ಸ್ಟಾಪ್‌ವಾಚ್ ಯಾರೂ ಒತ್ತಿರಲಿಲ್ಲ. "ನೀವೇ ಫಸ್ಟ್ ಅಮ್ಮ, ಟೈಮ್ ಯಾಕೆ?" ಎಂಬ ಉತ್ತರ ಬಂತು. ಅವರು ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಊಟದ ಸಾಲಿನಲ್ಲಿ ಮಾತಾಡಿದಾಗ, ಎಂಟು ತಿಂಗಳಿಂದ ಬೆಳಗ್ಗೆ ಐದಕ್ಕೆ ಎದ್ದು ಶಾಲಾ ಮೈದಾನದಲ್ಲಿ ಓಡುತ್ತಿದ್ದೇನೆ, ಎಷ್ಟು ಸುಧಾರಿಸಿದೆ ಎಂದು ನೋಡಬೇಕಿತ್ತು ಎಂದರು. ಇದು ಈ ಕೂಟದ ಅತಿ ದೊಡ್ಡ ಲೋಪ, ಮತ್ತು ಇದನ್ನು ಸರಿಪಡಿಸಲು ಎರಡು ಸ್ಟಾಪ್‌ವಾಚ್‌ಗಿಂತ ಹೆಚ್ಚೇನೂ ಬೇಕಿಲ್ಲ.

ಉಳಿದ ವ್ಯವಸ್ಥೆ ಸಾಧಾರಣ. ಕುಡಿಯುವ ನೀರು ಧಾರಾಳವಾಗಿತ್ತು, ಬಿಸಿಬೇಳೆಬಾತ್ ಚೆನ್ನಾಗಿತ್ತು, ಆಂಬುಲೆನ್ಸ್ ಇಡೀ ದಿನ ಗೇಟಿನ ಬಳಿಯೇ ಇತ್ತು. ಸ್ಪರ್ಧಿಗಳಿಗೆ ನೆರಳು ಸಾಲದು. ಟೋಪಿ, ಕೊಡೆ ಒಯ್ಯಿರಿ.

ಎಸೆತದ ಸ್ಪರ್ಧೆಗಳಿಗೆ ಹೋಗಬಯಸುವವರಿಗೆ ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ, ಮುಂದಿನ ವರ್ಷಕ್ಕೆ ನನ್ನ ಹೆಸರನ್ನೂ ಕೊಡುತ್ತೇನೆ. ಓಟದ ವಿಷಯದಲ್ಲಿ ಸಂಘಟಕರಿಗೆ ಪತ್ರ ಬರೆದಿದ್ದೇನೆ: ಓಟಗಳು ಮುಗಿದ ಮೇಲೆ ಭಾಷಣಗಳಾಗಲಿ, 75 ದಾಟಿದವರ ಪ್ರತಿ ಓಟಕ್ಕೂ ಸಮಯ ದಾಖಲಾಗಿ ಪ್ರಮಾಣಪತ್ರದಲ್ಲಿ ನಮೂದಾಗಲಿ ಎಂದು. ಅವರ ಉತ್ತರ ನೋಡಿಕೊಂಡು 100 ಮೀಟರ್‌ನ 300 ರೂಪಾಯಿ ಕಟ್ಟುತ್ತೇನೆ.