ಎಕೋ ರಿಪೋರ್ಟ್‌ನಲ್ಲಿ ‘ಹೃದಯ ದೊಡ್ಡದಾಗಿದೆ’ ಅಂತ ಬಂದ ಕೂಡಲೇ ನಾಯಿಗೆ ಮಾತ್ರೆ ಶುರು ಮಾಡಬೇಡಿ

ಚಿಕ್ಕಮಗಳೂರು, ಮೂಡಿಗೆರೆ, ಆಲ್ದೂರು ಕಡೆ ಮುಧೋಳ ನಾಯಿ ಸಾಕಿರುವವರು ದಯವಿಟ್ಟು ಇದನ್ನು ಓದಿ.

ನಮ್ಮ ತೋಟದ ಮನೆಯ ಗೌರಿ ಮುಧೋಳ ಹೆಣ್ಣು. ಮರಿಯಾಗದ ಹಾಗೆ ಆಪರೇಷನ್ ಮಾಡಿಸಲು ಹೋದಾಗ ಅವಳ ಎದೆಯಲ್ಲಿ ಸಣ್ಣ ಮರ್ಮರ್ (ಬಡಿತದ ಜೊತೆ ಸುಂಯ್ ಅನ್ನುವ ಸದ್ದು) ಕೇಳಿಸಿತು. ಅನಸ್ತೇಷಿಯಾಕ್ಕೆ ಮುಂಚೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ ಅಂದರು. ಅಲ್ಲಿಯವರೆಗೆ ಎಲ್ಲ ಸರಿ.

ಎಕೋ ಮಾಡಿದ ಜಾಗದ ಹೆಸರು ಬರೆಯುವುದಿಲ್ಲ. ಹೊಟ್ಟೆ ಸ್ಕ್ಯಾನ್ ಮಾಡುವ ಪ್ರೋಬನ್ನೇ ಎದೆಗೆ ಒತ್ತಿ ಗಡಿಬಿಡಿಯಲ್ಲಿ ಮುಗಿಸಿದರು. ರಿಪೋರ್ಟ್ ಇಷ್ಟೇ: ಎಡಗಡೆ ಕೆಳಕೋಣೆ ದೊಡ್ಡದು, ಎಫ್‌ಎಸ್ 23, ಡಿಸಿಎಂ. ಅಂದರೆ ಹೃದಯದ ಸ್ನಾಯು ಸೋತು ಹಿಗ್ಗುವ ಕಾಯಿಲೆ. ಹೃದಯದ ಬಡಿತಕ್ಕೆ ಬಲ ಕೊಡುವ ಪಿಮೋಬೆಂಡಾನ್, ಜೊತೆಗೆ ಫ್ಯೂರೋಸೆಮೈಡ್ ಎರಡೂ ಜೀವನಪೂರ್ತಿ ಬೇಕು ಅಂದರು.

ಗೌರಿಗೆ ಕೆಮ್ಮಿರಲಿಲ್ಲ, ಏದುಸಿರೂ ಇರಲಿಲ್ಲ. ಎದೆಯ ಎಕ್ಸ್‌ರೇ ತೆಗೆಯಲೇ ಇಲ್ಲ. ಹೃದಯ ಸೋತಾಗ ಶ್ವಾಸಕೋಶದಲ್ಲಿ ಕಟ್ಟುವ ನೀರನ್ನು ಇಳಿಸುವುದು ಫ್ಯೂರೋಸೆಮೈಡ್ ಕೆಲಸ. ಅಂಥ ನೀರೇ ಇಲ್ಲದಿದ್ದರೆ ಅದು ಮೈಯನ್ನೇ ಒಣಗಿಸುತ್ತದೆ. ಹಾಗೇ ಆಯಿತು. ಬಕೆಟ್‌ಗಟ್ಟಲೆ ನೀರು ಕುಡಿದಳು, ಮನೆಯೊಳಗೇ ಉಚ್ಚೆ ಹೊಯ್ದಳು, ಆಮೇಲೆ ಅನ್ನ ಬಿಟ್ಟಳು. ರಕ್ತ ಪರೀಕ್ಷೆಯಲ್ಲಿ ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಏರಿತ್ತು, ಪೊಟ್ಯಾಸಿಯಂ ಇಳಿದಿತ್ತು.

ಹೃದಯವನ್ನೇ ನೋಡುವ ಬೆಂಗಳೂರಿನ ವೆಟ್ ಹತ್ತಿರ ಕರೆದುಕೊಂಡು ಹೋದೆವು. ರಿಪೋರ್ಟ್ ನೋಡಿ ಅವರ ಮೊದಲ ಮಾತು, “ಇದು ಓಟದ ನಾಯಿ ಅಲ್ವಾ?”

ಇಡೀ ವಿಷಯ ಇರುವುದೇ ಅಲ್ಲಿ. ಎಫ್‌ಎಸ್ ಅಂದರೆ ಒಂದು ಬಡಿತಕ್ಕೆ ಎಡಗಡೆ ಕೆಳಕೋಣೆ ಶೇಕಡಾ ಎಷ್ಟು ಕುಗ್ಗುತ್ತದೆ ಅನ್ನುವ ಲೆಕ್ಕ. ಸಾಮಾನ್ಯವಾಗಿ 25ಕ್ಕಿಂತ ಕೆಳಗೆ ಬಂದರೆ ಅನುಮಾನ ಪಡುತ್ತಾರೆ. ಆದರೆ ಗ್ರೇಹೌಂಡ್, ವಿಪೆಟ್ ಥರದ ಬೇಟೆ ನಾಯಿಗಳಿಗೆ ತೂಕಕ್ಕೆ ಹೋಲಿಸಿದರೆ ಹೃದಯ ದೊಡ್ಡದೇ ಇರುತ್ತದೆ. ಸುಮ್ನೆ ನಿಂತಿದ್ದಾಗ ಎಫ್‌ಎಸ್ ಕಡಿಮೆಯೇ ಇರಬಹುದು. ಕಾಯಿಲೆ ಇಲ್ಲದೆಯೂ ಸಣ್ಣ ಮರ್ಮರ್ ಕೇಳಿಸಬಹುದು. ಮುಧೋಳವೂ ಅದೇ ಬಗೆಯ ನಾಯಿ. ಇದನ್ನೆಲ್ಲ ಬಿಟ್ಟು ಒಂದೇ ಒಂದು ಅಂಕಿ ಹಿಡಿದು ಡಿಸಿಎಂ ಅನ್ನುವುದು ಓದುವುದಲ್ಲ, ಊಹೆ.

ಅವರು ಇಸಿಜಿ ವೈರ್ ಹಾಕಿಯೇ ಎಕೋ ಮಾಡಿದರು. ಹೃದಯ ಪೂರ್ತಿ ಹಿಗ್ಗಿದ ಗಳಿಗೆ, ಪೂರ್ತಿ ಕುಗ್ಗಿದ ಗಳಿಗೆ ಗೊತ್ತಾಗದೆ ಅಳೆದರೆ ಅಂಕಿ ಎತ್ತ ಬೇಕಾದರೂ ಹೋಗುತ್ತದೆ. ಎಡ ಮೇಲ್ಕೋಣೆಯನ್ನು ಮಹಾಧಮನಿಗೆ ಹೋಲಿಸುವ ಅಳತೆ 1.3 ಬಂತು. ಇದು 1.6 ಮುಟ್ಟಿದರೆ ಕೋಣೆ ಹಿಗ್ಗಿದೆ ಅನ್ನುತ್ತಾರೆ. ಮಾತ್ರೆ ನಿಲ್ಲಿಸಿ, ಒಂದು ವರ್ಷ ಬಿಟ್ಟು ಮತ್ತೆ ಅಳೆಯೋಣ ಅಂದರು.

ಪೊಮೇರಿಯನ್, ಡ್ಯಾಶ್‌ಹುಂಡ್ ಥರದ ಸಣ್ಣ ನಾಯಿ ಸಾಕಿದವರಿಗೂ ಒಂದು ಮಾತು. ವಯಸ್ಸಾದ ಮೇಲೆ ಅವುಗಳಲ್ಲಿ ಮೈಟ್ರಲ್ ಕವಾಟ (ಹೃದಯದ ಎಡ ಮೇಲ್ಕೋಣೆ, ಕೆಳಕೋಣೆ ನಡುವಿನ ಬಾಗಿಲು) ಸೋರುವುದು ಜಾಸ್ತಿ. ಅಮೆರಿಕದ ಪಶುವೈದ್ಯ ತಜ್ಞರ ಸಂಸ್ಥೆ ಎಸಿವಿಐಎಂನ 2019ರ ಮಾರ್ಗಸೂಚಿ ಪ್ರಕಾರ, ಸೋರಿಕೆ ಇದ್ದರೂ ಹೃದಯ ಹಿಗ್ಗದಿದ್ದರೆ ಮಾತ್ರೆ ಬೇಡ.

ಎಕೋ ಆದ ಮೇಲೆ ಅಳತೆಗಳ ಪಟ್ಟಿ, ವಿಡಿಯೋ ತುಣುಕು ಎರಡನ್ನೂ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ನಮಗೆ ಮೊದಲ ಕಡೆ ಕೊಟ್ಟಿದ್ದು ಒಂದು ಮಸುಕು ಪ್ರಿಂಟ್. ನಾಯಿ ಗಾಢವಾಗಿ ಮಲಗಿದಾಗ ನಿಮಿಷಕ್ಕೆ ಎಷ್ಟು ಉಸಿರು ಅಂತ ಮನೆಯಲ್ಲೇ ಎಣಿಸಿ. ಮತ್ತೆ ಮತ್ತೆ 30 ದಾಟಿದರೆ ಡಾಕ್ಟರಿಗೆ ತಕ್ಷಣ ಹೇಳಿ.

ಇದನ್ನು ಓದಿ ಯಾರೂ ನಡೆಯುತ್ತಿರುವ ಮಾತ್ರೆಯನ್ನು ತಾವೇ ನಿಲ್ಲಿಸಬೇಡಿ. ಶ್ವಾಸಕೋಶದಲ್ಲಿ ನಿಜಕ್ಕೂ ನೀರು ತುಂಬಿದ ನಾಯಿಯನ್ನು ಉಳಿಸುವುದು ಅದೇ ಫ್ಯೂರೋಸೆಮೈಡ್. ಇನ್ನೊಬ್ಬ ವೆಟ್‌ಗೆ ತೋರಿಸಿ, ಅವರು ಹೇಳಿದ ಮೇಲೆ ನಿಲ್ಲಿಸಿ.