'ಸತಿ ಸುಲೋಚನ' ರೀಲ್ ಇದೆ ಅಂತ ಫೋನ್ ಬಂದರೆ ದುಡ್ಡು ಹಾಕಬೇಡಿ

ಹಳೇ ಸಿನಿಮಾ ರೀಲು ಕೂಡಿಡುವವರು ದಯವಿಟ್ಟು ಇದನ್ನು ಓದಿ. ಈ ಸಿನಿಮಾದ ರೀಲ್ ಇದೆ ಅಂತ ಒಬ್ಬ ಫೋನ್ ಮಾಡಿದ, ನಂಬಿ ನನ್ನ ಹದಿನೆಂಟು ಸಾವಿರ ಹೋಯಿತು. ಆದರೆ ದುಡ್ಡಿಗಿಂತ ಜಾಸ್ತಿ, ಆ ಹೆಸರು ಹೇಳಿ ಮೋಸ ಮಾಡಿದನಲ್ಲ, ಅದು ಉರಿಯುತ್ತಿದೆ.

'ಸತಿ ಸುಲೋಚನ' ಕನ್ನಡದ ಮೊದಲ ಟಾಕಿ, ಅಂದರೆ ಮಾತಾಡುವ ಸಿನಿಮಾ. 1934ರ ಮಾರ್ಚ್ 3ರಂದು ಬೆಂಗಳೂರಲ್ಲಿ ಬಿಡುಗಡೆಯಾಯಿತು. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ ನಟಿಸಿದ ಚಿತ್ರ. ಇವತ್ತು ಅದರ ಒಂದು ಪ್ರಿಂಟೂ ಉಳಿದಿಲ್ಲ. ನಮ್ಮ ಮೊದಲ ಮಾತೇ ಕಳೆದುಹೋಗಿದೆ. ಎಲ್ಲೋ ಅಟ್ಟದ ಮೇಲೆ ಒಂದು ರೀಲಾದರೂ ಇರಬಹುದು ಅಂತ ನಮ್ಮಂಥವರೆಲ್ಲ ಆಸೆಯಿಂದ ಇರುತ್ತೇವೆ ಅಲ್ವಾ? ಅವನು ಹಿಡಿದದ್ದು ಅದನ್ನೇ.

ಸಾಮಾನ್ಯವಾಗಿ ಮಾರುವವರು ಫಿಲ್ಮನ್ನು ಬೆಳಕಿಗೆ ಹಿಡಿದು ನಾಲ್ಕು ಫ್ರೇಮಿನ ಫೋಟೋ ಕಳಿಸುತ್ತಾರೆ. ಇವನು ಬರೀ ಡಬ್ಬದ ಫೋಟೋ ಕಳಿಸಿದ. ತುಕ್ಕು ಹಿಡಿದ ತಗಡು, ಮೇಲೆ ಮಾಸಿದ ಚೀಟಿ, ಚೀಟಿಯಲ್ಲಿ ಸಿನಿಮಾ ಹೆಸರು. "ಒರಿಜಿನಲ್ ಸಾರ್, ಇನ್ನಿಬ್ಬರು ಕೇಳ್ತಿದ್ದಾರೆ" ಅಂದ. ಅವತ್ತು ರಾತ್ರಿಯೇ ದುಡ್ಡು ಹಾಕಿಬಿಟ್ಟೆ.

ಪಾರ್ಸೆಲ್ ಬಂತು. ಮುಚ್ಚಳ ತೆಗೆದ ಕೂಡಲೇ ವಿನೆಗರ್ ವಾಸನೆ ಮೂಗಿಗೆ ರಾಚಿತು. ಆಗಲೇ ಎದೆ ಧಸಕ್ಕೆಂದಿತು. ಹಳತಾದರೆ ಹಾಗೆ ನಾರುವುದು ಅಸಿಟೇಟ್ ಅನ್ನೋ ಬಗೆಯ ಫಿಲ್ಮು. 1934ರಲ್ಲಿ ಥಿಯೇಟರಿಗೆ ಹೋಗುತ್ತಿದ್ದ 35 ಎಂಎಂ ಪ್ರಿಂಟು ನೈಟ್ರೇಟ್, ಬೇಗ ಹೊತ್ತಿಕೊಳ್ಳುವ ಬೇರೆ ಬಗೆಯ ಫಿಲ್ಮು. ಟ್ಯೂಬ್‌ಲೈಟಿಗೆ ಹಿಡಿದೆ. ಅಂಚಿನಲ್ಲಿ 'ಸೇಫ್ಟಿ' ಅಂತ ಅಕ್ಷರ, ಅಂದರೆ ಇದು ನೈಟ್ರೇಟ್ ಅಲ್ಲ ಅನ್ನೋ ಗುರುತು. ಫ್ರೇಮಿನಲ್ಲಿ ಟ್ರ್ಯಾಕ್ಟರು! ಇಂದ್ರಜಿತುವಿನ ಹೆಂಡತಿಯ ಕಥೆಯಲ್ಲಿ ಟ್ರ್ಯಾಕ್ಟರು! ಮುಂದಿನ ಫ್ರೇಮುಗಳಲ್ಲಿ ಒಬ್ಬ ರೈತ ಗೊಬ್ಬರ ಎರಚುತ್ತಿದ್ದಾನೆ. ಕೈ ನಡುಗಿತು, ಸುಮ್ನೆ ಕೂತುಬಿಟ್ಟೆ.

ಫೋನ್ ಮಾಡಿದೆ. "ಆಮೇಲೆ ಕಾಪಿ ತೆಗೆದಿರಬಹುದು ಸಾರ್" ಅಂದ. ಟ್ರ್ಯಾಕ್ಟರ್ ಇದೆಯಲ್ರೀ ಅಂದೆ. "ಚೀಟಿ ಬರೆದದ್ದು ನಾನಲ್ಲ. ನಾನು ಡಬ್ಬ ಮಾರಿದೆ, ನೀವು ಡಬ್ಬ ತಗೊಂಡ್ರಿ." ದುಡ್ಡು ವಾಪಸ್ ಕೊಡಿ ಅಂದೆ. "ಹಳೇ ಸಾಮಾನಿಗೆ ರಿಟರ್ನ್ ಉಂಟಾ ಸಾರ್?" ಇಷ್ಟು ಹೇಳಿ ನನ್ನ ನಂಬರ್ ಬ್ಲಾಕ್ ಮಾಡಿದ. ಡಬ್ಬ ಮಾರಿದನಂತೆ, ಡಬ್ಬ!

ಫ್ರೇಮ್ ಕಾಣಿಸದೆ, ಅಂಚಿನ ಅಕ್ಷರ ಓದದೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಜವಾದ ನೈಟ್ರೇಟ್ ಸಿಕ್ಕರೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಹೊತ್ತಿಕೊಂಡರೆ ನೀರಿಗೂ ಆರುವುದಿಲ್ಲ. ಹಳೇ ಸಿನಿಮಾ ಕಾಪಾಡಿಡುವ ಪುಣೆಯ ಫಿಲ್ಮ್ ಆರ್ಕೈವ್‌ಗೆ ತಿಳಿಸಿ.

ನಿನ್ನೆ ನನ್ನ ಸ್ನೇಹಿತರೊಬ್ಬರಿಗೂ ಅವನ ಕರೆ ಬಂದಿದೆ. ಈ ಸಲ ಅದೇ ಕಾಲದ ಇನ್ನೊಂದು ಕನ್ನಡ ಟಾಕಿ 'ಭಕ್ತ ಧ್ರುವ' ಇದೆಯಂತೆ.